ಫೇರ್ಲಿ, ಕ್ವೈಟ್, ರಾದರ್: ಇಂಗ್ಲಿಷಿನ ಹದದ ಪದಗಳು ನಿಜಕ್ಕೂ ಏನು ಹೇಳುತ್ತವೆ?

ಹೋದ ಮಳೆಗಾಲದ ಒಂದು ಸಂಜೆ ಚಿಕ್ಕಮ್ಮನ ಫೋನ್ ಬಂತು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಅವರ ಮನೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಖಾಲಿ ಬಿದ್ದಿದ್ದ ಎರಡು ರೂಮನ್ನು ಹೋಮ್‌ಸ್ಟೇ ಮಾಡಿದ್ದಾರೆ. ಇಂಗ್ಲೆಂಡಿನ ಗಂಡ ಹೆಂಡತಿ ಮೂರು ದಿನ ಇದ್ದು, ಊರಿಗೆ ಹೋದಮೇಲೆ ನಾಲ್ಕು ಸಾಲು ಅಭಿಪ್ರಾಯ ಬರೆದಿದ್ದರು. ಚಿಕ್ಕಮ್ಮ ಅದನ್ನು ಫೋನಿನಲ್ಲೇ ಓದಿದರು.

"ದಿ ರೂಮ್ ಈಸ್ ಫೇರ್ಲಿ ಬಿಗ್. ದಿ ಫುಡ್ ವಾಸ್ ಕ್ವೈಟ್ ಗುಡ್. ದಿ ಪಾತ್ ಟು ದಿ ಹೌಸ್ ಈಸ್ ರಾದರ್ ಸ್ಲಿಪರಿ. ಇಟ್ ಈಸ್ ಎ ಬಿಟ್ ಫಾರ್ ಫ್ರಮ್ ದಿ ಟೌನ್."

ಓದಿ ಮುಗಿಸಿ, "ಇದು ಹೊಗಳಿದ್ದೋ ಬೈದಿದ್ದೋ ಒಂಚೂರು ಹೇಳು ಮಾರಾಯ" ಅಂದರು.

ಅವರು ಆಗಲೇ ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿ ನೋಡಿದ್ದರು. ಮೊದಲ ಮೂರು ಸಾಲಿಗೂ 'ಸಾಕಷ್ಟು' ಅಂತಲೇ ಬಂದಿತ್ತಂತೆ. ರೂಮು ಸಾಕಷ್ಟು ದೊಡ್ಡದು, ಊಟ ಸಾಕಷ್ಟು ಚೆನ್ನಾಗಿತ್ತು, ದಾರಿ ಸಾಕಷ್ಟು ಜಾರುತ್ತದೆ. ಇಂಗ್ಲಿಷಿನಲ್ಲಿ ಬೇರೆ ಬೇರೆ ಪದ, ಕನ್ನಡದಲ್ಲಿ ಒಂದೇ. ಎಲ್ಲಾ ಒಂದೇ ಆಗಿದ್ದರೆ ಅವರು ಯಾಕೆ ಬೇರೆ ಬೇರೆ ಪದ ಹುಡುಕಿ ಬರೆಯುತ್ತಿದ್ದರು ಅನ್ನೋದು ಚಿಕ್ಕಮ್ಮನ ಪ್ರಶ್ನೆ. ಬಹಳ ಸರಿಯಾದ ಪ್ರಶ್ನೆ.

ಹೋಮ್‌ಸ್ಟೇ ನಡೆಸುವವರಿಗೆ ಮಾತ್ರ ಅಲ್ಲ, ಶಿವಮೊಗ್ಗದಲ್ಲಿ ಕೂತು ಹೊರದೇಶದ ಕಂಪನಿಗೆ ಕೆಲಸ ಮಾಡುವ ಹುಡುಗರಿಗೂ, ಇಂಗ್ಲಿಷ್ ಪರೀಕ್ಷೆ ಕಟ್ಟಿ ವಿದೇಶಕ್ಕೆ ಹೊರಟವರಿಗೂ ಈ ಪದಗಳು ಕಾಡುತ್ತವೆ. ಹಾಗಾಗಿ ಬುಡದಿಂದಲೇ ನೋಡೋಣ.

ಮೊದಲು ಬಚ್ಚಲ ಹಂಡೆ

ಬಿಸಿ, ದೊಡ್ಡದು, ದೂರ, ಚೆಂದ. ಇವೆಲ್ಲ ಗುಣ ಹೇಳುವ ಪದಗಳು. ಆ ಗುಣ ಎಷ್ಟಿದೆ ಅಂತ ಹೇಳೋಕೆ ಹಿಂದೆ ಇನ್ನೊಂದು ಪದ ಬೇಕು. ತುಂಬಾ ಬಿಸಿ, ಸ್ವಲ್ಪ ದೂರ, ಅಂತೀವಲ್ಲ, ಆ 'ತುಂಬಾ', 'ಸ್ವಲ್ಪ' ಆ ಕೆಲಸ ಮಾಡುತ್ತವೆ. ಇಂಗ್ಲಿಷ್ ವ್ಯಾಕರಣದಲ್ಲಿ ಇವನ್ನು 'ಅಡ್ವರ್ಬ್ಸ್ ಆಫ್ ಡಿಗ್ರಿ' ಅನ್ನುತ್ತಾರೆ. ಎಷ್ಟು ಅಂತ ಹೇಳುವ ಪದಗಳು, ಅಷ್ಟೇ.

ನಮ್ಮ ಕಡೆ ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆ ನೀರು ಕಾಯಿಸುವುದನ್ನು ನೆನಪು ಮಾಡಿಕೊಳ್ಳಿ. ಮೊದಲು ತಣ್ಣೀರು. ಅಡಿಕೆ ಹಾಳೆಗೆ ಬೆಂಕಿ ಹತ್ತಿ ಸ್ವಲ್ಪ ಹೊತ್ತಾದರೆ ಉಗುರುಬೆಚ್ಚಗೆ. ಆಮೇಲೆ ಹದ ಬಿಸಿ. ಆಮೇಲೆ ಮೈಮೇಲೆ ಹಾಕಿಕೊಂಡರೆ ಚುರ್ ಅನ್ನುವಷ್ಟು. ಕೊನೆಗೆ ಕೊತಕೊತ ಕುದಿ. ಇಂಗ್ಲಿಷಿನಲ್ಲೂ ಇಂಥದ್ದೇ ಮೆಟ್ಟಿಲುಗಳಿವೆ. ತಳದಲ್ಲಿ 'ಎ ಬಿಟ್', 'ಎ ಲಿಟಲ್'. ಅದರ ಮೇಲೆ 'ಫೇರ್ಲಿ'. ಅದಕ್ಕಿಂತ ಒಂಚೂರು ಮೇಲೆ 'ಕ್ವೈಟ್'. ಇನ್ನೂ ಒಂಚೂರು ಮೇಲೆ 'ರಾದರ್', 'ಪ್ರಿಟಿ'. ಆಮೇಲೆ 'ವೆರಿ', 'ಎಕ್ಸ್‌ಟ್ರೀಮ್ಲಿ'.

ನಮ್ಮ ಮಾತು ತಳಕ್ಕೂ ತುದಿಗೂ ನಡುವೆ ಇರುವ ಪದಗಳ ಬಗ್ಗೆ. ಹಾಗಾಗಿ ನಾನು ಇವನ್ನು ಹದದ ಪದಗಳು ಅಂತಲೇ ಕರೆಯುತ್ತೇನೆ. ಈ ಮೆಟ್ಟಿಲನ್ನು ಉರು ಹೊಡೆದರೆ ಕೆಲಸ ಮುಗಿಯಿತು ಅಂತ ಅನಿಸಬಹುದು. ಮುಗಿಯುವುದಿಲ್ಲ. ಯಾಕೆಂದರೆ ಇವು ಅಳತೆಯ ಜೊತೆಗೆ ಹೇಳುವವರ ಮನಸ್ಸನ್ನೂ ಹೇಳಿಬಿಡುತ್ತವೆ.

ಒಂದೇ ನೀರು, ಇಬ್ಬರ ಮನಸ್ಸು

ಅದೇ ಹಂಡೆ, ಅದೇ ನೀರು. ಅಜ್ಜ ಬಂದು ಬೆರಳು ಅದ್ದಿ ನೋಡುತ್ತಾರೆ. ಅವರಿಗೆ ಮೈಕೈ ನೋವಿದೆ, ಬಿಸಿ ಬೇಕು. "ಹಾಂ, ಬಿಸಿಯಾಗಿದೆ" ಅಂದು ಚೊಂಬು ತಗೊಳ್ಳುತ್ತಾರೆ. ಮೂರು ವರ್ಷದ ಮಗುವಿಗೆ ಸ್ನಾನ ಮಾಡಿಸಲು ಬಂದ ಅಮ್ಮನೂ ಬೆರಳು ಅದ್ದುತ್ತಾಳೆ. "ಅಯ್ಯೋ, ಬಿಸಿಯಾಯ್ತಲ್ಲ" ಅಂದು ತಣ್ಣೀರು ಬೆರೆಸುತ್ತಾಳೆ. ನೀರಿನ ಬಿಸಿ ಬದಲಾಗಿಲ್ಲ. ಬದಲಾಗಿದ್ದು ಅದು ಬೇಕಾಗಿತ್ತೋ ಬೇಡವಾಗಿತ್ತೋ ಅನ್ನೋದು.

ಇಂಗ್ಲಿಷಿನಲ್ಲಿ ಅಜ್ಜನ ಮಾತು "ದಿ ವಾಟರ್ ಈಸ್ ಫೇರ್ಲಿ ಹಾಟ್". ಅಮ್ಮನ ಮಾತು "ದಿ ವಾಟರ್ ಈಸ್ ರಾದರ್ ಹಾಟ್".

ಫೇರ್ಲಿ ಸಾಮಾನ್ಯವಾಗಿ ಒಳ್ಳೆಯದರ ಕಡೆಗೆ, ಬೇಕಾಗಿದ್ದರ ಕಡೆಗೆ ವಾಲುತ್ತದೆ. ಫೇರ್ಲಿ ಕ್ಲೀನ್, ಫೇರ್ಲಿ ಈಸಿ, ಫೇರ್ಲಿ ಚೀಪ್. ರಾದರ್ ಜಾಸ್ತಿ ಬರುವುದು ಬೇಡದ್ದರ ಜೊತೆ. ರಾದರ್ ಡರ್ಟಿ, ರಾದರ್ ಡಿಫಿಕಲ್ಟ್, ರಾದರ್ ಎಕ್ಸ್‌ಪೆನ್ಸಿವ್. ದೊಡ್ಡದು, ಬಿಸಿ, ಬೇಗ ಅನ್ನೋ ಪದಗಳಿಗೆ ಸ್ವಂತ ಪಕ್ಷ ಇಲ್ಲ ನೋಡಿ, ಅಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಅಂಗಡಿಯಲ್ಲಿ ಚಪ್ಪಲಿ ಕಾಲಿಗೆ ಹಾಕಿ ನೋಡಿ 'ಫೇರ್ಲಿ ಬಿಗ್' ಅಂದರೆ ಪರವಾಗಿಲ್ಲ, ಆಗುತ್ತದೆ. 'ರಾದರ್ ಬಿಗ್' ಅಂದರೆ ಬೇರೆ ಸೈಜ್ ಕೊಡಿ ಅಂತ ಅರ್ಥ.

ಹಾಗಾದರೆ ರಾದರ್ ಅಂದರೆ ಯಾವಾಗಲೂ ಗೊಣಗಾಟವಾ? ಅಲ್ಲ. ಒಳ್ಳೆ ಗುಣದ ಜೊತೆ ಬಂದಾಗ ಅದು 'ನಾನು ಅಂದುಕೊಂಡಿದ್ದಕ್ಕಿಂತ' ಅನ್ನೋ ಅಚ್ಚರಿ ಸೇರಿಸುತ್ತದೆ. "ದಿಸ್ ಪತ್ರೊಡೆ ಈಸ್ ರಾದರ್ ಗುಡ್" ಅಂದರೆ, ಕೆಸುವಿನ ಎಲೆ ಅಂದಾಗ ಹೆಂಗಿರುತ್ತೋ ಏನೋ ಅಂದುಕೊಂಡಿದ್ದೆ, ಚೆನ್ನಾಗಿದೆಯಲ್ಲ ಅಂತ. ಈ ಪದದ ಹುಟ್ಟು ಕೂಡ ಇಲ್ಲಿ ಸಹಾಯಕ್ಕೆ ಬರುತ್ತದೆ. ಹಳೆಯ ಇಂಗ್ಲಿಷಿನಲ್ಲಿ 'ಬೇಗ' ಅನ್ನೋ ಅರ್ಥದ ಒಂದು ಪದ ಇತ್ತು. ರಾದರ್ ಅಂದರೆ ಮೊದಲು 'ಇನ್ನೂ ಬೇಗ' ಅಂತ ಇತ್ತು. ಅಂದರೆ ಎರಡನ್ನು ಪಕ್ಕಪಕ್ಕ ಇಟ್ಟು ನೋಡುವ ಗುಣ ಅದರ ಹುಟ್ಟಿನಲ್ಲೇ ಇದೆ. "ಐ ವುಡ್ ರಾದರ್ ಸ್ಟೇ ಹೋಮ್", ಅಂದರೆ ಹೊರಗೆ ಹೋಗೋದಕ್ಕಿಂತ ಮನೆಯಲ್ಲಿರೋದೇ ವಾಸಿ ಅನ್ನೋ ಬಳಕೆ ಬಂದಿದ್ದೂ ಅದರಿಂದಲೇ.

ಮಳೆ ಸೀಮೆಯವರಾದ ನಮಗೆ ಇನ್ನೊಂದು ಉದಾಹರಣೆ ಹತ್ತಿರದಲ್ಲೇ ಇದೆ. ಮಾತಿನಲ್ಲಿ ಈ ಪದಗಳಿಗೆ ಅಂಕಿ ಇಲ್ಲ. ಆದರೆ ಭಾರತದ ಹವಾಮಾನ ಇಲಾಖೆ ಇವಕ್ಕೂ ಅಂಕಿ ಕೊಟ್ಟಿತ್ತು. 24 ಗಂಟೆಯಲ್ಲಿ 35.6ರಿಂದ 64.4 ಮಿಲಿಮೀಟರ್ ಮಳೆ ಬಿದ್ದರೆ ಹಿಂದೆ ಅದನ್ನು 'ರಾದರ್ ಹೆವಿ' ಅನ್ನುತ್ತಿದ್ದರು. 64.5 ಆದರೆ 'ಹೆವಿ'. ಈಗ ಆ ರಾದರ್ ದರ್ಜೆ ಹೋಗಿದೆ, 15.6ರಿಂದ 64.4ರವರೆಗೆ ಎಲ್ಲವೂ 'ಮಾಡರೇಟ್'. ಆದರೆ 'ಫೇರ್ಲಿ ವೈಡ್‌ಸ್ಪ್ರೆಡ್' ಉಳಿದಿದೆ. ಒಂದು ಪ್ರದೇಶದ ಮಳೆ ಅಳೆಯುವ ಕೇಂದ್ರಗಳಲ್ಲಿ ಶೇಕಡ 51ರಿಂದ 75ರಷ್ಟು ಕಡೆ ಮಳೆ ಬಿದ್ದರೆ ಅದು ಫೇರ್ಲಿ ವೈಡ್‌ಸ್ಪ್ರೆಡ್. ಶೇಕಡ 75 ದಾಟಿದರೆ ಬರೀ ವೈಡ್‌ಸ್ಪ್ರೆಡ್. ಫೇರ್ಲಿ ಸೇರಿದರೆ ಬಲ ಕಮ್ಮಿಯಾಗುತ್ತದೆ ಅನ್ನೋದು ಇಲ್ಲಿ ಅಂಕಿಯಲ್ಲೇ ಕಾಣುತ್ತದೆ. ಬಹಳ ಜನ ಉಲ್ಟಾ ತಿಳಿದಿರುತ್ತಾರೆ.

ಕ್ವೈಟ್: ಎಲ್ಲಕ್ಕಿಂತ ಜಾಸ್ತಿ ಎಡವಿಸುವ ಪದ

ಕ್ವೈಟ್‌ಗೆ ಎರಡು ಅರ್ಥ. ಒಂದು, ತಕ್ಕಮಟ್ಟಿಗೆ. ಇನ್ನೊಂದು, ಪೂರ್ತಿಯಾಗಿ. ಎರಡೂ ಸರಿ. ಯಾವಾಗ ಯಾವುದು ಅನ್ನೋದು ಮುಂದಿನ ಪದದ ಮೇಲೆ ನಿಂತಿದೆ.

ಗುಣಗಳಲ್ಲಿ ಎರಡು ಜಾತಿ ಇವೆ. ಬಿಸಿ, ದೊಡ್ಡದು, ಚೆಂದ, ಇವು ಹಂಡೆ ನೀರಿನ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಇನ್ನು ಕೆಲವು ಕರೆಂಟಿನ ಸ್ವಿಚ್ಚಿನ ಹಾಗೆ. ಇದೆ ಅಥವಾ ಇಲ್ಲ. ಸತ್ತಿದೆ, ಅಸಾಧ್ಯ, ಸರಿ, ಖಚಿತ. 'ತುಂಬಾ ಸತ್ತಿದೆ' ಅಂತ ಯಾರೂ ಅನ್ನುವುದಿಲ್ಲ ಅಲ್ವಾ? ಮೆಟ್ಟಿಲಿನ ಗುಣದ ಜೊತೆ ಬಂದರೆ ಕ್ವೈಟ್ ಅಂದರೆ ತಕ್ಕಮಟ್ಟಿಗೆ: ಕ್ವೈಟ್ ಹಾಟ್, ಕ್ವೈಟ್ ಗುಡ್. ಸ್ವಿಚ್ಚಿನ ಗುಣದ ಜೊತೆ ಬಂದರೆ ಪೂರ್ತಿಯಾಗಿ: ಕ್ವೈಟ್ ಇಂಪಾಸಿಬಲ್ ಅಂದರೆ ಸಾಧ್ಯವೇ ಇಲ್ಲ, ಕ್ವೈಟ್ ರೈಟ್ ಅಂದರೆ ನೂರಕ್ಕೆ ನೂರು ಸರಿ. 'ಯೂ ಆರ್ ಕ್ವೈಟ್ ರೈಟ್' ಅಂದವರು ನಿಮ್ಮ ಮಾತನ್ನು ಅರ್ಧ ಒಪ್ಪಿದ್ದಾರೆ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಎರಡರಲ್ಲಿ ಹಳೆಯ ಅರ್ಥ 'ಪೂರ್ತಿ' ಅನ್ನೋದು. ಬಿಟ್ಟುಹೋಗು ಅನ್ನುವ 'ಕ್ವಿಟ್' ಇದರ ದಾಯಾದಿ. ಹಳೆಯ ಫ್ರೆಂಚಿನಲ್ಲಿ ಈ ಪದಕ್ಕೆ ಬಿಡುಗಡೆಯಾದ, ಬಾಕಿ ಇಲ್ಲದ ಅನ್ನೋ ಅರ್ಥ ಇತ್ತು. ಸಾಲ ಚುಕ್ತಾ ಆದಹಾಗೆ. ತಕ್ಕಮಟ್ಟಿಗೆ ಅನ್ನೋ ಅರ್ಥ ಬಹಳ ಆಮೇಲೆ ಸೇರಿದ್ದು.

ಈ ಹಳೆಯ ಅರ್ಥ 'ನಾಟ್ ಕ್ವೈಟ್'ನಲ್ಲಿ ಈಗಲೂ ಗಟ್ಟಿಯಾಗಿ ಕೂತಿದೆ. ಮಳೆಗಾಲದಲ್ಲಿ ಬೆಳಗ್ಗೆ ಎದ್ದು ಪೇಪರಿನಲ್ಲಿ ಲಿಂಗನಮಕ್ಕಿ ಮಟ್ಟ ನೋಡುವವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಜಲಾಶಯದ ಪೂರ್ಣ ಮಟ್ಟ 1819 ಅಡಿ. ನೀರು 1815 ಅಡಿಗೆ ಬಂದಿದೆ ಅಂದುಕೊಳ್ಳಿ. ಆಗ "ದಿ ಡ್ಯಾಮ್ ಈಸ್ ನಾಟ್ ಕ್ವೈಟ್ ಫುಲ್". ತುಂಬುತ್ತಾ ಬಂದಿದೆ, ಪೂರ್ತಿ ಆಗಿಲ್ಲ. ಬೇಸಿಗೆಯಲ್ಲಿ ತಳ ಕಾಣುವಾಗ ಈ ಮಾತು ಹೇಳಿದರೆ ತಪ್ಪಾಗುತ್ತದೆ. ಹತ್ತಿರ ಬಂದಾಗ ಮಾತ್ರ 'ನಾಟ್ ಕ್ವೈಟ್'.

ಇನ್ನು ಊಟದ ಸಾಲು. "ಕ್ವೈಟ್ ಗುಡ್" ಅನ್ನೋದು ಹೊಗಳಿಕೆಯಾ? ಇಲ್ಲಿ ದೇಶ ನೋಡಬೇಕು, ದನಿಯನ್ನೂ ಕೇಳಬೇಕು. ಅಮೆರಿಕದವರ ಬಾಯಲ್ಲಿ ಕ್ವೈಟ್ ಗುಡ್ ಹೆಚ್ಚಾಗಿ 'ತುಂಬಾ ಚೆನ್ನಾಗಿದೆ'ಗೆ ಹತ್ತಿರ. ಬ್ರಿಟನ್ನಿನವರ ಬಾಯಲ್ಲಿ ಸಾಮಾನ್ಯವಾಗಿ 'ಚೆನ್ನಾಗಿದೆ'ಗಿಂತ ಒಂದು ಮೆಟ್ಟಿಲು ಕೆಳಗೆ. ಅದರಲ್ಲೂ ಒತ್ತು ಕ್ವೈಟ್ ಮೇಲೆ ಬಿದ್ದರೆ 'ಚೆನ್ನಾಗಿದೆ, ಆದರೆ...' ಅಂತ. ಒತ್ತು ಗುಡ್ ಮೇಲೆ ಬಿದ್ದರೆ ನಿಜವಾದ ಮೆಚ್ಚುಗೆ.

ಇದು ವಿಚಿತ್ರ ಅನಿಸಿದರೆ ನಮ್ಮ 'ಪರವಾಗಿಲ್ಲ'ವನ್ನು ನೋಡಿ. ಮದುವೆ ಊಟ ಹೇಗಿತ್ತು ಅಂದಾಗ "ಹೂಂ, ಪರವಾಗಿಲ್ಲ" ಅಂತ ಎಳೆದು ಹೇಳಿದರೆ ಅಡುಗೆ ಭಟ್ಟರಿಗೆ ಅದು ಕೇಳಿಸದೆ ಇರೋದೇ ಒಳ್ಳೆಯದು. ಅದೇ, ಪಕ್ಕದ ಮನೆ ಹುಡುಗಿ ಮೊದಲ ಸಲ ಸೈಕಲ್ ತುಳಿದು ಅಂಗಳ ಸುತ್ತಿದಾಗ "ಅರೆ, ಪರವಾಗಿಲ್ವೇ!" ಅಂದರೆ ಅದು ಬೆನ್ನು ತಟ್ಟಿದ ಹಾಗೆ. ಪದ ಒಂದೇ, ದನಿಯಲ್ಲಿ ಅರ್ಥ ತಿರುಗಿತು. ಕ್ವೈಟ್ ಕೂಡ ಹೀಗೇ. ಬರಹದಲ್ಲಿ ದನಿ ಇಲ್ಲವಾದ್ದರಿಂದ ಅಕ್ಕಪಕ್ಕದ ಸಾಲು ನೋಡಿ ಅಂದಾಜು ಮಾಡಬೇಕು.

ಕ್ವೈಟ್‌ನ ಇನ್ನೊಂದು ಮುಖ 'ಕ್ವೈಟ್ ಎ ಫ್ಯೂ'. ಎ ಫ್ಯೂ ಅಂದರೆ ಕೆಲವು, ಆದರೆ ಕ್ವೈಟ್ ಎ ಫ್ಯೂ ಅಂದರೆ ಬಹಳಷ್ಟು. ಇದಕ್ಕೂ ನಮ್ಮಲ್ಲಿ ಜೋಡಿ ಇದೆ. "ಊಟ ಸುಮಾರು" ಅಂದರೆ ಅಷ್ಟಕ್ಕಷ್ಟೇ. "ಸುಮಾರು ಜನ ಬಂದಿದ್ರು" ಅಂದರೆ ತುಂಬಾ ಜನ. ಇಷ್ಟು ದಿನ ಈ ಎರಡನ್ನೂ ಒಂದು ಕ್ಷಣವೂ ಗೊಂದಲ ಇಲ್ಲದೆ ಬಳಸಿದ್ದೇವೆ. ಈ ಕಿವಿಯನ್ನೇ ಇಂಗ್ಲಿಷಿಗೂ ಕೊಟ್ಟರೆ ಆಯಿತು.

ಎ ಬಿಟ್, ಎ ಲಿಟಲ್: ನಮ್ಮ 'ಸ್ವಲ್ಪ'

"ಸ್ವಲ್ಪ ದುಬಾರಿ", "ಸ್ವಲ್ಪ ಉಪ್ಪಾಯ್ತು", "ಸ್ವಲ್ಪ ದೂರ". ಸರಾಗವಾಗಿದೆ. ಈಗ "ಸ್ವಲ್ಪ ಚೆಂದ", "ಸ್ವಲ್ಪ ರುಚಿ" ಅಂದು ನೋಡಿ. ಏನೋ ಸಿಕ್ಕಿಹಾಕಿಕೊಂಡ ಹಾಗಾಗುತ್ತದೆ. ಸ್ವಲ್ಪ ಅನ್ನೋದು ಹೆಚ್ಚಾಗಿ ಬೇಡದ ಗುಣದ ಜೊತೆ ಹೋಗುತ್ತದೆ, ದೂರನ್ನು ಮೆತ್ತಗೆ ಮಾಡುತ್ತದೆ. ಎ ಬಿಟ್, ಎ ಲಿಟಲ್ ಕೂಡ ಅಷ್ಟೇ. ಎ ಬಿಟ್ ಎಕ್ಸ್‌ಪೆನ್ಸಿವ್ ಸರಿ, ಎ ಬಿಟ್ ಬ್ಯೂಟಿಫುಲ್ ಹೊಂದುವುದಿಲ್ಲ. ಊರಿನಿಂದ "ಎ ಬಿಟ್ ಫಾರ್" ಅಂತ ಬರೆದವರು, ದೂರ ಆಯಿತು ಅನ್ನೋದನ್ನು ಮನಸ್ಸು ನೋಯದ ಹಾಗೆ ಹೇಳಿದ್ದಾರೆ.

ಇಲ್ಲಿ ಒಂದು ಸಣ್ಣ ಅಕ್ಷರದ ಬಗ್ಗೆ ಎಚ್ಚರ ಬೇಕು. "ಐ ಸ್ಲೆಪ್ಟ್ ಎ ಲಿಟಲ್" ಅಂದರೆ ಸ್ವಲ್ಪ ನಿದ್ದೆ ಮಾಡಿದೆ. ಆ 'ಎ' ಬಿಟ್ಟು "ಐ ಸ್ಲೆಪ್ಟ್ ಲಿಟಲ್" ಅಂದರೆ ನಿದ್ದೆಯೇ ಆಗಲಿಲ್ಲ ಅನ್ನುವಷ್ಟು ಕಮ್ಮಿ. ಎ ಇದ್ದರೆ ಇದೆ ಅನ್ನೋ ಕಡೆ, ಎ ಇಲ್ಲದಿದ್ದರೆ ಇಲ್ಲ ಅನ್ನೋ ಕಡೆ. ಕೆಲಸದ ಸಂದರ್ಶನದಲ್ಲಿ "ಐ ನೋ ಲಿಟಲ್ ಇಂಗ್ಲಿಷ್" ಅಂದವರು, ಸ್ವಲ್ಪ ಬರುತ್ತದೆ ಅಂತ ಹೇಳಲು ಹೋಗಿ ಏನೂ ಬರಲ್ಲ ಅಂತ ಹೇಳಿ ಬಂದಿರುತ್ತಾರೆ. ನನಗೆ ಇದನ್ನು ಶಾಲೆಯಲ್ಲಿ ಯಾರಾದರೂ ಬಿಡಿಸಿ ಹೇಳಿದ್ದರೆ ಎಷ್ಟು ಉಪಕಾರ ಆಗುತ್ತಿತ್ತು.

ಮುಂದೆ 'ನಾಟ್' ಸೇರಿದರೆ ಎರಡೂ ಬೇರೆ ದಾರಿ ಹಿಡಿಯುತ್ತವೆ. ನಾಟ್ ಎ ಬಿಟ್ ಟಯರ್ಡ್ ಅಂದರೆ ಒಂಚೂರೂ ಸುಸ್ತಿಲ್ಲ. ನಾಟ್ ಎ ಲಿಟಲ್ ಟಯರ್ಡ್ ಅಂದರೆ ಕಮ್ಮಿ ಸುಸ್ತಲ್ಲ, ತುಂಬಾ ಸುಸ್ತು.

ಪ್ರಿಟಿ, ಸಮ್‌ವಾಟ್

ಇವೆರಡು ಸುಲಭ. ಪ್ರಿಟಿ ಅಂದರೆ ಚೆಂದ ಅಂತ ನಮಗೆ ಗೊತ್ತು, ಆದರೆ 'ಪ್ರಿಟಿ ಬ್ಯಾಡ್' ಅಂದರೆ ಚೆಂದದ ಕೆಟ್ಟದ್ದಲ್ಲ, ಸರಿಯಾಗೇ ಕೆಟ್ಟದ್ದು. ಇದು ಮಾತಿನ ಪದ. ಸ್ನೇಹಿತರಿಗೆ ಬರೆಯುವಾಗ ಸರಿ, ಅರ್ಜಿಯಲ್ಲಿ ಬೇಡ. ಸಮ್‌ವಾಟ್ ಅದರ ತದ್ವಿರುದ್ಧ, ಬರಹದ ಪದ. ನಮ್ಮ 'ಕೊಂಚ', 'ಒಂದಿಷ್ಟು ಮಟ್ಟಿಗೆ' ಇದ್ದಹಾಗೆ. "ಅಡಿಕೆ ಪ್ರೈಸಸ್ ಹ್ಯಾವ್ ಫಾಲನ್ ಸಮ್‌ವಾಟ್" ಅಂತ ವರದಿಯಲ್ಲಿ ಬರೆಯುತ್ತಾರೆ, ಮಂಡಿಯಲ್ಲಿ ನಿಂತು ಮಾತಾಡುವಾಗ ಯಾರೂ ಹಾಗೆ ಹೇಳಲ್ಲ.

ಎಲ್ಲಿ ಕೂರಿಸಬೇಕು?

ಗುಣದ ಮುಂದೆ ವಸ್ತುವಿನ ಹೆಸರೂ ಇದ್ದಾಗ 'ಎ' ಎಲ್ಲಿ ಬರಬೇಕು ಅನ್ನೋದು ತಲೆನೋವು. 'ಎ ಫೇರ್ಲಿ ಬಿಗ್ ರೂಮ್', 'ಎ ಪ್ರಿಟಿ ಬಿಗ್ ರೂಮ್': ಇಲ್ಲಿ ಎ ಮೊದಲು, ಅದೊಂದೇ ದಾರಿ. ಕ್ವೈಟ್ ಹಾಗಲ್ಲ, ತಾನೇ ಮುಂದೆ ನಿಲ್ಲುತ್ತದೆ: 'ಕ್ವೈಟ್ ಎ ಬಿಗ್ ರೂಮ್'. ರಾದರ್ ಎರಡೂ ಕಡೆ ಹೊಂದಿಕೊಳ್ಳುತ್ತದೆ. ಎ ಬಿಟ್ ಮಾತ್ರ ಈ ಸಾಲಿಗೇ ಬರುವುದಿಲ್ಲ. 'ಎ ಬಿಟ್ ಎಕ್ಸ್‌ಪೆನ್ಸಿವ್ ರೂಮ್' ಅನ್ನುವಂತಿಲ್ಲ, 'ದಿ ರೂಮ್ ಈಸ್ ಎ ಬಿಟ್ ಎಕ್ಸ್‌ಪೆನ್ಸಿವ್' ಅಂತ ತಿರುಗಿಸಬೇಕು.

ಕೆಲಸ ಹೇಳುವ ಪದದ ಜೊತೆಗೂ ಇವು ಬರುತ್ತವೆ, ಆದರೆ ಎಲ್ಲಾ ಅಲ್ಲ. 'ಐ ಕ್ವೈಟ್ ಲೈಕ್ ಇಟ್', 'ಐ ರಾದರ್ ಲೈಕ್ ಇಟ್' ಸರಿ. ಫೇರ್ಲಿ ಲೈಕ್, ಪ್ರಿಟಿ ಲೈಕ್ ಅನ್ನಲ್ಲ. 'ಹಿ ಟ್ರೀಟೆಡ್ ಅಸ್ ಫೇರ್ಲಿ' ಅಂದರೆ ಅಲ್ಲಿ ಫೇರ್ಲಿ ಬೇರೆಯೇ, ನ್ಯಾಯವಾಗಿ ನಡೆಸಿಕೊಂಡರು ಅಂತ.

ಒಂದಕ್ಕಿಂತ ಒಂದು ಜಾಸ್ತಿ ಅಂತ ಹೋಲಿಸುವಾಗ ಇನ್ನೊಂದು ಮಾತು ನೆನಪಿರಲಿ. 'ಬೆಟರ್', 'ಬಿಗರ್', 'ಚೀಪರ್' ಜೊತೆ ಎ ಬಿಟ್, ಎ ಲಿಟಲ್, ಸಮ್‌ವಾಟ್, ರಾದರ್ ಬರುತ್ತವೆ. ಫೇರ್ಲಿ, ಪ್ರಿಟಿ ಬರುವುದಿಲ್ಲ. ಕ್ವೈಟ್ ಕೂಡ ಬರಲ್ಲ, ಒಂದೇ ಒಂದು ಜಾಗ ಬಿಟ್ಟು: ಜ್ವರ ಬಿಟ್ಟು ಪೂರ್ತಿ ಹುಷಾರಾದವರು 'ಐ ಆಮ್ ಕ್ವೈಟ್ ಬೆಟರ್ ನೌ' ಅನ್ನಬಹುದು. ಅಲ್ಲೂ ಅದು ಹಳೆಯ 'ಪೂರ್ತಿ' ಅರ್ಥದಲ್ಲೇ.

ಇಲ್ಲ ಅಂತ ಹೇಳುವಾಗ ಫೇರ್ಲಿ, ರಾದರ್ ಬಳಸಬೇಡಿ. 'ನಾಟ್ ಫೇರ್ಲಿ ಗುಡ್' ಅನ್ನೋದು ಇಂಗ್ಲಿಷ್ ಅಲ್ಲ. 'ನಾಟ್ ವೆರಿ ಗುಡ್' ಅನ್ನಬೇಕು.

ಹದ ಮೀರಿದ 'ಟೂ'

ಕೊನೆಗೊಂದು. ಖುಷಿಯಾದಾಗ ನಾವು 'ಟೂ ಟೇಸ್ಟಿ', 'ಟೂ ನೈಸ್' ಅಂದುಬಿಡುತ್ತೇವೆ. ತುಂಬಾ ಅನ್ನೋದಕ್ಕೆ ಟೂ ಹಾಕಿಬಿಡುತ್ತೇವೆ. ಟೂ ಅಂದರೆ ತುಂಬಾ ಅಲ್ಲ, ಬೇಕಾಗಿದ್ದಕ್ಕಿಂತ ಜಾಸ್ತಿ, ಅತಿಯಾಯಿತು ಅಂತ. 'ದಿ ಕಾಫಿ ಈಸ್ ಟೂ ಹಾಟ್' ಅಂದರೆ ಕುಡಿಯೋಕೆ ಆಗ್ತಿಲ್ಲ. ಹಾಗೆಯೇ 'ಎನಫ್' ಅಂದರೆ ಸಾಲುವಷ್ಟು, ಅದು ಗುಣದ ನಂತರ ಬರಬೇಕು: 'ಬಿಗ್ ಎನಫ್'. ಫೋನ್ ಕೊಟ್ಟ 'ಸಾಕಷ್ಟು' ಅನ್ನೋ ಕನ್ನಡಕ್ಕೆ ನಿಜವಾಗಿ ಹತ್ತಿರ ಇರುವುದು ಈ ಎನಫ್. ಫೇರ್ಲಿಯೂ ಅಲ್ಲ, ರಾದರ್ ಅಂತೂ ಅಲ್ಲವೇ ಅಲ್ಲ.

ಚಿಕ್ಕಮ್ಮನಿಗೆ ಕೊಟ್ಟ ಉತ್ತರ

ಹಾಗಾಗಿ ಆ ನಾಲ್ಕು ಸಾಲನ್ನು ನಾನು ಚಿಕ್ಕಮ್ಮನಿಗೆ ಹೀಗೆ ಬಿಡಿಸಿ ಹೇಳಿದೆ. ರೂಮು ಅವರಿಗೆ ಬೇಕಾದಷ್ಟು ವಿಶಾಲವಾಗಿತ್ತು, ತೃಪ್ತಿ ಇದೆ. ಊಟ ಚೆನ್ನಾಗಿತ್ತು, ಆದರೆ ಬಾಯಿ ಚಪ್ಪರಿಸಿದ ಮಾತಲ್ಲ. ಊರಿಂದ ದೂರ ಅನಿಸಿದೆ, ಅದು ದೊಡ್ಡ ದೂರೇನಲ್ಲ. ನಿಜವಾದ ದೂರು ಇರುವುದು ಮೂರನೇ ಸಾಲಿನಲ್ಲಿ. ದಾರಿ ಜಾರುತ್ತದೆ, ಅವರಿಗೆ ಹೆದರಿಕೆ ಆಗಿದೆ.

"ಹೌದು, ಆ ಹೆಂಗಸು ಕೊಟ್ಟಿಗೆ ಪಕ್ಕ ಪಾಚಿ ಮೇಲೆ ಒಂದು ಸಲ ಜಾರಿದ್ದಳು. ಕೇಳಿದಾಗ ಏನಿಲ್ಲ ಅಂದಳು" ಅಂದರು ಚಿಕ್ಕಮ್ಮ.

ಹದಿನೈದು ದಿನ ಬಿಟ್ಟು ಮತ್ತೆ ಫೋನ್ ಮಾಡಿದರು. ಚಿಕ್ಕಪ್ಪ ಪಾಚಿ ಕೆರೆಸಿ, ಕೊಟ್ಟಿಗೆಯಿಂದ ಅಂಗಳದವರೆಗೆ ಹಾಸುಗಲ್ಲು ಹಾಕಿಸಿದ್ದರು. ಅವರಿಗೆ ಉತ್ತರ ಬರೆಯಬೇಕು, ತಪ್ಪಿದ್ದರೆ ಹೇಳು ಅಂತ ಓದಿದರು. "ಥ್ಯಾಂಕ್ ಯೂ. ವಿ ಹ್ಯಾವ್ ಪುಟ್ ಸ್ಟೋನ್ಸ್. ನೌ ದಿ ಪಾತ್ ಈಸ್ ಫೇರ್ಲಿ ಬೆಟರ್."

ಬೆಟರ್ ಜೊತೆ ಫೇರ್ಲಿ ಬರಲ್ಲ ಚಿಕ್ಕಮ್ಮ, 'ಎ ಲಿಟಲ್ ಬೆಟರ್' ಅನ್ನು, ಇಲ್ಲಾ ಧೈರ್ಯವಾಗಿ 'ಮಚ್ ಬೆಟರ್' ಅಂತಲೇ ಹಾಕು ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಂಚಿನ ಮೇಲೆ ಮಳೆ ಬೀಳೋದು ಮಾತ್ರ ಫೋನಿನಲ್ಲಿ ಕೇಳಿಸುತ್ತಿತ್ತು. ಆಮೇಲೆ ಅಂದರು: "ಕೆಳಗಿನ ತಿರುವಿನ ಹತ್ರ ಇನ್ನೂ ಕಲ್ಲು ಹಾಕಿಲ್ಲ. ಈಗ 'ಎ ಲಿಟಲ್' ಅಂತಲೇ ಇರಲಿ. ಅದೂ ಮುಗಿದ ಮೇಲೆ 'ಮಚ್' ಹಾಕಿದರಾಯ್ತು."